ನಿಧಾನದ ಕ್ಯಾನ್ಸರಿಗೆ ನಿಧಾನದ ಮದ್ದು

1989ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಚರ್ಮದ ಲಿಂಫೋಮಾ ಇದ್ದ 103 ಜನರನ್ನು, ಆಯ್ಕೆ ಯಾರ ಕೈಯಲ್ಲೂ ಇರದಂತೆ, ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಶುರುವಿನಿಂದಲೇ ಜೋರು ಚಿಕಿತ್ಸೆ. ಇಡೀ ಮೈ ಚರ್ಮಕ್ಕೆ ಎಲೆಕ್ಟ್ರಾನ್ ರೇಡಿಯೇಷನ್, ಜೊತೆಗೆ ನಾಲ್ಕು ಔಷಧಿಗಳ ಕೀಮೋ. ಇನ್ನೊಂದು ಗುಂಪಿಗೆ ಮೈಗೆ ಹಚ್ಚುವ ಔಷಧಿಯಿಂದ ಶುರು. ಅದು ಸಾಲದಿದ್ದರೆ ಮಾತ್ರ ಮುಂದಿನದು. ಜೋರು ಚಿಕಿತ್ಸೆ ಪಡೆದವರಲ್ಲಿ ಶೇ. 38ರಷ್ಟು ಜನರ ಮೈ ಪೂರ್ತಿ ತಿಳಿಯಾಯಿತು. ಇನ್ನೊಂದು ಗುಂಪಿನಲ್ಲಿ ಶೇ. 18. ಆದರೆ ವರ್ಷಗಳು ಕಳೆದ ಮೇಲೆ ನೋಡಿದರೆ, ಎರಡೂ ಗುಂಪಿನವರು ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜೋರು ಚಿಕಿತ್ಸೆಯವರು ತೊಂದರೆ ಮಾತ್ರ ಜಾಸ್ತಿ ಪಟ್ಟಿದ್ದರು.

ಈ ಅಧ್ಯಯನದ ಮೇಲೆ ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ಜಗಳ ನಡೆದಿದೆ. ಚಿಕ್ಕಮ್ಮನಿಗೆ ಇದೇ ಕಾಯಿಲೆ ಅಂತ ಗೊತ್ತಾದ ವಾರ ಅದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ಕೀಮೋ ಯಾವಾಗ ಶುರು ಅಂತ ಕೇಳುತ್ತಿದ್ದ. ಡಾಕ್ಟರು ಬರೆದುಕೊಟ್ಟಿದ್ದು ಒಂದು ಮುಲಾಮು, ಮತ್ತೆ ವಾರಕ್ಕೆ ಮೂರು ಸಲ ದೀಪಗಳ ಪೆಟ್ಟಿಗೆಯೊಳಗೆ ನಿಲ್ಲುವುದು. "ಕ್ಯಾನ್ಸರಿಗೆ ಮುಲಾಮಾ ಅಕ್ಕಾ?" ಅಂದ. ಅಜ್ಜಿಗೆ ಬೇರೆಯೇ ಅನುಮಾನ. "ಕೈಬಿಟ್ಟಿದಾರೆ, ನಮಗೆ ಹೇಳ್ತಾ ಇಲ್ಲ" ಅಂತ ಅಳುತ್ತಾ ಕೂತರು.

ಚಿಕ್ಕಮ್ಮ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು, ಊರು ಬೇಡ. ಉಳಿದದ್ದೆಲ್ಲ ಬರಿ, ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ" ಅಂದರು. ನಾನು ವೈದ್ಯೆ ಅಲ್ಲ. ಅವರ ಜೊತೆ ಆಸ್ಪತ್ರೆಗೆ ಓಡಾಡಿದವಳು, ಆ ನೆಪದಲ್ಲಿ ಓದಿಕೊಂಡವಳು.

ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟುಗಳ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳಲ್ಲಿ ಶುರುವಾಗುತ್ತದೆ. ಆದರೆ ಈ ಕಣಗಳು ಗ್ರಂಥಿಯಲ್ಲೇ ಕೂತಿರುವುದಿಲ್ಲ. ಅದರಲ್ಲೂ ಟಿ ಕೋಶ ಅನ್ನುವವು ಮೈಯೆಲ್ಲ ಸುತ್ತುತ್ತವೆ. ಕೆಲವು ಚರ್ಮದ ಕಾವಲಿಗೇ ಮೀಸಲು. ಅವುಗಳ ಮೈಮೇಲೆ ವಿಳಾಸದ ಚೀಟಿ ಅಂಟಿಸಿದ ಹಾಗೆ ಕೆಲವು ಪ್ರೋಟೀನುಗಳಿರುತ್ತವೆ. ರಕ್ತದಲ್ಲಿ ಹೋಗುತ್ತಾ ಇದ್ದವು ಆ ಪ್ರೋಟೀನಿನ ಗುರುತಿನಿಂದ ಚರ್ಮದ ಹತ್ತಿರ ಇಳಿದುಕೊಳ್ಳುತ್ತವೆ. ಅಂಥ ಒಂದು ಕೋಶ ಕೆಟ್ಟು, ತನ್ನಂಥವನ್ನೇ ಹುಟ್ಟಿಸುತ್ತಾ ಹೋದರೆ ಕ್ಯಾನ್ಸರು ಚರ್ಮದಲ್ಲೇ ಶುರುವಾಗುತ್ತದೆ. ಎಷ್ಟೋ ವರ್ಷ, ಎಷ್ಟೋ ಜನರಲ್ಲಿ ಕೊನೆಯ ತನಕ, ಚರ್ಮ ಬಿಟ್ಟು ಒಳಗೆ ಹೋಗುವುದೇ ಇಲ್ಲ. ಬಿಸಿಲಿಗೆ ಬರುವ ಚರ್ಮದ ಕ್ಯಾನ್ಸರಿಗೂ ಇದಕ್ಕೂ ಸಂಬಂಧ ಇಲ್ಲ.

ಇದರಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಅತಿ ಸಾಮಾನ್ಯವಾದದ್ದು ಮೈಕೋಸಿಸ್ ಫಂಗಾಯ್ಡಿಸ್. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಆಲಿಬೇರ್ ಅನ್ನುವ ವೈದ್ಯರು 1806ರಲ್ಲಿ ಮೈಮೇಲೆ ಅಣಬೆಯ ಆಕಾರದ ಗಡ್ಡೆಗಳಿದ್ದ ರೋಗಿಯನ್ನು ನೋಡಿ ವಿವರಿಸಿದ್ದರು. ಹೆಸರು ಅಲ್ಲಿಂದ ಬಂತು. ಫಂಗಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ರಿಪೋರ್ಟ್ ನೋಡಿ ಯಾರೂ ಫಂಗಸ್ ಮುಲಾಮು ತಂದು ಹಚ್ಚಬಾರದು, ಅದಕ್ಕೇ ಹೇಳಿದೆ. ಗಡ್ಡೆ ಬರುವುದು ಬಹಳ ಮುಂದಿನ ಮಾತು. ಮೊದಲು ಬರುವುದು ಬರೀ ಕಲೆ. ಆಮೇಲೆ ಕೆಲವರಲ್ಲಿ ಅದು ದಪ್ಪಗಾಗುತ್ತದೆ. ಅವರಲ್ಲೂ ಕೆಲವರಲ್ಲಿ ಮಾತ್ರ ಗಡ್ಡೆಯಾಗುತ್ತದೆ.

ಆ ಕಲೆ ಬರುವ ಜಾಗ ಯಾವುದು ಗೊತ್ತಾ? ಸೊಂಟದ ಕೆಳಗೆ, ಪೃಷ್ಠ, ತೊಡೆ, ಎದೆಯ ಕೆಳಗೆ. ಬಿಸಿಲು ಬೀಳದ ಜಾಗಗಳು. ಬಟ್ಟೆಯೊಳಗೆ ಮುಚ್ಚಿಹೋಗುವ ಜಾಗಗಳು. ನಮ್ಮ ಕಡೆಯ ಹೆಂಗಸರು ಅದನ್ನು ಗಂಡನಿಗೆ ತೋರಿಸಲೂ ಹಿಂಜರಿಯುತ್ತಾರೆ. ಇನ್ನು ಡಾಕ್ಟರಿಗೆ ತೋರಿಸುವ ಮಾತು ದೂರವೇ ಉಳಿಯಿತು. ಚಿಕ್ಕಮ್ಮ ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಕಲೆ ನೋಯುತ್ತಿರಲಿಲ್ಲ. ಆಗಾಗ ಸ್ವಲ್ಪ ನವೆ, ಅಷ್ಟೇ.

ಇನ್ನೊಂದು ವಿಷಯ. ಪುಸ್ತಕಗಳಲ್ಲಿ ಈ ಕಲೆಗಳ ಚಿತ್ರ ಕೆಂಪಗಿರುತ್ತದೆ, ಯಾಕೆಂದರೆ ಚರ್ಮ ಬಿಳಿಯರದ್ದು. ನಮ್ಮಂಥ ಕಂದು ಚರ್ಮದಲ್ಲಿ ಈ ರೋಗ ಎಷ್ಟೋ ಸಲ ಮಾಸಲು ಬಿಳಿ ಕಲೆಯಾಗಿ ಬರುತ್ತದೆ. ಚಿಕ್ಕ ವಯಸ್ಸಿನವರಲ್ಲಿ, ಮಕ್ಕಳಲ್ಲಿ ಕೂಡ ಬರುವುದು ಈ ಬಗೆಯೇ ಜಾಸ್ತಿ. ಒಳ್ಳೆಯ ಸುದ್ದಿ ಅಂದರೆ ಇದು ನಿಧಾನಕ್ಕೆ ಸಾಗುವಂಥದ್ದು, ಚಿಕಿತ್ಸೆಗೂ ಚೆನ್ನಾಗಿ ಬಗ್ಗುತ್ತದೆ. ಆದರೆ ನಮ್ಮ ಊರುಗಳಲ್ಲಿ ಬಿಳಿ ಕಲೆ ಅಂದರೆ ಮೂರೇ ಹೆಸರು. ಚಿಬ್ಬು, ತೊನ್ನು, ಕುಷ್ಠ. ಮೊದಲನೆಯದಾದರೆ ಮೆಡಿಕಲ್ ಶಾಪಿನಿಂದ ಟ್ಯೂಬು ತಂದು ಹಚ್ಚುತ್ತಾರೆ. ಉಳಿದ ಎರಡಾದರೆ ಬಾಯಿ ಬಿಡುವುದಿಲ್ಲ. ಚಿಕ್ಕಮ್ಮನ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ತಾಯಿಗೆ ತೊನ್ನು ಅಂತ ಒಂದು ಮಾತು ಹೊರಗೆ ಬಿದ್ದರೆ ಏನಾಗುತ್ತಿತ್ತು ಅಂತ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಧೈರ್ಯ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರಂತೆ. ಬಾಗಿಲ ಮೇಲೆ "ಚರ್ಮ, ಲೈಂಗಿಕ ಹಾಗೂ ಕುಷ್ಠರೋಗ ವಿಭಾಗ" ಅಂತ ಬೋರ್ಡ್ ಇತ್ತು. ಅದನ್ನು ಓದಿ ಹಾಗೇ ಬಸ್ ಹತ್ತಿ ವಾಪಸ್ ಬಂದರು. ನಮ್ಮ ದೇಶದಲ್ಲಿ ಈ ಮೂರನ್ನೂ ನೋಡುವವರು ಒಬ್ಬರೇ ತಜ್ಞರು. ಓದುವ ಕೋರ್ಸಿನ ಹೆಸರೇ ಹಾಗಿದೆ. ಆ ಬೋರ್ಡನ್ನು ಬದಲಿಸಿದರೆ ಯಾರಿಗೂ ನಷ್ಟ ಇಲ್ಲ ಅಂತ ನನಗೆ ಅವತ್ತಿನಿಂದ ಅನ್ನಿಸುತ್ತಿದೆ.

ಮೆಡಿಕಲ್ ಶಾಪಿನ ಟ್ಯೂಬಿನ ಕಥೆಯನ್ನೂ ಹೇಳಿಬಿಡುತ್ತೇನೆ. ಫಂಗಸ್ ಔಷಧಿ, ಆಂಟಿಬಯೋಟಿಕ್, ಜೊತೆಗೆ ಜೋರಾದ ಸ್ಟೀರಾಯ್ಡ್ ಎಲ್ಲ ಒಂದೇ ಟ್ಯೂಬಿನಲ್ಲಿ ಸೇರಿಸಿದ ಮುಲಾಮುಗಳು ನಮ್ಮಲ್ಲಿ ಸಲೀಸಾಗಿ ಸಿಗುತ್ತವೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೂ ಕೌಂಟರಿನಲ್ಲಿ ಕೇಳಿದರೆ ಕೊಡುವ ಅಂಗಡಿಗಳು ಇದ್ದೇ ಇವೆ. ಇಂಥ ಮುಲಾಮು ಹಚ್ಚಿದರೆ ಲಿಂಫೋಮಾದ ಕಲೆಯೂ ಸ್ವಲ್ಪ ದಿನ ಮಾಸುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ಬಿಟ್ಟ ಮೇಲೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಇದು ಹೀಗೇ ನಡೆಯುತ್ತಿರುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವ ಕಲೆ, ಅದೂ ಬಟ್ಟೆ ಮುಚ್ಚುವ ಕಡೆ, ವರ್ಷಗಟ್ಟಲೆ. ಈ ಮೂರೂ ಸೇರಿದರೆ ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ನೋಡುವ ಪರೀಕ್ಷೆ, ಕೇಳಲೇಬೇಕು. ನಾನು ಈ ಬರಹದಲ್ಲಿ ಒಂದೇ ಸಾಲು ಉಳಿಸಿಕೊಳ್ಳಿ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಕೊನೆಗೆ ನಾವು ಹೋದ ಚರ್ಮದ ಡಾಕ್ಟರಮ್ಮ ಮೊದಲು ಮಾಡಿದ್ದು ಹತ್ತಿಯ ಎಳೆ ತಗೊಂಡು ಕಲೆಯ ಮೇಲೆ ಮುಟ್ಟಿಸಿದ್ದು. "ಕಣ್ಣು ಮುಚ್ಕೊಳ್ಳಿ ಅಮ್ಮಾ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ" ಅಂದರು. ಆಮೇಲೆ ಮೊಣಕೈ ಹತ್ತಿರ ನರ ಹಿಡಿದು ನೋಡಿದರು. ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಗೊತ್ತಾಗುವುದಿಲ್ಲ, ನರ ದಪ್ಪಗಾಗಿರುತ್ತದೆ. ಚಿಕ್ಕಮ್ಮ ಎಲ್ಲವನ್ನೂ ಸರಿಯಾಗಿ ತೋರಿಸಿದರು. "ಇದು ಕುಷ್ಠ ಅಲ್ಲ. ತೊನ್ನೂ ಅಲ್ಲ, ತೊನ್ನು ಇನ್ನೂ ಅಚ್ಚ ಬಿಳಿ ಇರುತ್ತೆ" ಅಂದಾಗ ಚಿಕ್ಕಮ್ಮ ಅಲ್ಲೇ ಜೋರಾಗಿ ಅತ್ತುಬಿಟ್ಟರು. ಕ್ಯಾನ್ಸರ್ ಅಂತ ಆಮೇಲೆ ಗೊತ್ತಾದಾಗ ಅಷ್ಟು ಅಳಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲ ಬಯಾಪ್ಸಿಯಲ್ಲಿ ಏನೂ ಖಚಿತವಾಗಲಿಲ್ಲ. ಇದು ತುಂಬಾ ಜನರಿಗೆ ಆಗುವಂಥದ್ದು. ರೋಗದ ಶುರುವಿನಲ್ಲಿ ಕೆಟ್ಟ ಕೋಶಗಳು ಬಹಳ ಕಮ್ಮಿ ಇರುತ್ತವೆ. ಸುತ್ತ ಇರುವ ಒಳ್ಳೆಯ ಕೋಶಗಳೇ ಜಾಸ್ತಿ. ಸೂಕ್ಷ್ಮದರ್ಶಕದಲ್ಲಿ ಇಸುಬಿನ ಹಾಗೇ ಕಾಣುತ್ತದೆ. ಮೊದಲ ಕಲೆಯಿಂದ ಸರಿಯಾದ ಹೆಸರು ಸಿಗುವ ತನಕ ಮೂರು ನಾಲ್ಕು ವರ್ಷ ಹಿಡಿಯುವುದು ದೊಡ್ಡ ದೊಡ್ಡ ದೇಶಗಳಲ್ಲೂ ಮಾಮೂಲು. ಡಾಕ್ಟರಮ್ಮ ಎಲ್ಲ ಮುಲಾಮು ನಿಲ್ಲಿಸಿ, ಕೆಲವು ವಾರ ಬಿಟ್ಟು, ಬೇರೆ ಬೇರೆ ಕಲೆಗಳಿಂದ ಮತ್ತೆ ಚೂರು ತೆಗೆದರು. ಸ್ಟೀರಾಯ್ಡ್ ಹಚ್ಚುತ್ತಿದ್ದರೆ ಬಯಾಪ್ಸಿಯಲ್ಲಿ ಸುಳಿವು ಅಳಿಸಿಹೋಗುತ್ತದಂತೆ. ಈ ಸಲ ಪೆಥಾಲಜಿಯವರು ಚರ್ಮದ ಮೇಲ್ಪದರದೊಳಗೆ ಲಿಂಫೋಸೈಟುಗಳು ಸಾಲಾಗಿ ನುಗ್ಗಿರುವುದನ್ನು ನೋಡಿದರು. ಆಮೇಲೆ ಬಣ್ಣ ಹಾಕಿ ನೋಡುವ ಪರೀಕ್ಷೆ, ಅಂದರೆ ಕೋಶಗಳ ಮೇಲೆ ಯಾವ ಪ್ರೋಟೀನ್ ಇದೆ, ಯಾವುದು ಕಾಣೆಯಾಗಿದೆ ಅಂತ ಗುರುತಿಸುವುದು. ಟಿ ಕೋಶಗಳ ಜೀನ್ ಪರೀಕ್ಷೆಯೂ ಇದೆ. ಎಲ್ಲ ಒಂದೇ ಕೋಶದ ಸಂತಾನವಾ ಅಂತ ಅದರಿಂದ ಗೊತ್ತಾಗುತ್ತದೆ. ಆದರೆ ಯಾವ ಒಂದು ಪರೀಕ್ಷೆಯೂ ಸ್ವಂತವಾಗಿ ತೀರ್ಪು ಕೊಡಲಾರದು. ಮೈ ನೋಡಿದ ಡಾಕ್ಟರು, ಗಾಜಿನ ಸ್ಲೈಡ್ ನೋಡಿದ ಡಾಕ್ಟರು ಇಬ್ಬರೂ ಮಾತಾಡಿಕೊಳ್ಳಬೇಕು. ನಮ್ಮ ವಿಷಯದಲ್ಲಿ ಅವರಿಬ್ಬರೂ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದ್ದನ್ನು ನಾನೇ ಕೂತು ಕೇಳಿಸಿಕೊಂಡಿದ್ದೇನೆ. ಆ ಇಬ್ಬರಿಗೂ ನಮ್ಮ ಮನೆ ಋಣಿ.

ಹಂತ ಅಳೆಯುವ ರೀತಿ ಸರಳ. ರೋಗಿಯ ಬೆರಳು ಸೇರಿಸಿ ಒಂದು ಅಂಗೈ ಅಂದರೆ ಹೆಚ್ಚು ಕಮ್ಮಿ ಮೈಯ ಶೇ. 1ರಷ್ಟು ಚರ್ಮ. ಕಲೆಗಳೆಲ್ಲ ಸೇರಿ ಹತ್ತು ಅಂಗೈಗಿಂತ ಕಮ್ಮಿ ಇದ್ದು, ಗ್ರಂಥಿ ಮತ್ತು ರಕ್ತ ಸರಿಯಿದ್ದರೆ ಮೊದಲ ಹಂತದ ಮೊದಲ ಮೆಟ್ಟಿಲು. ಆ ಮೆಟ್ಟಿಲಿನಲ್ಲಿರುವವರ ಆಯಸ್ಸು ಅದೇ ವಯಸ್ಸಿನ ಬೇರೆ ಜನರ ಆಯಸ್ಸಿನಷ್ಟೇ ಇರುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಅಜ್ಜಿಗೆ ಇದನ್ನು ನಾನು ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ "ನಿಜಾನಾ?" ಅಂತ ಕೇಳಿದರು.

ಈಗ ದೀಪದ ಪೆಟ್ಟಿಗೆ. ಎತ್ತರದ ಬೀರುವಿನಷ್ಟು ಇರುತ್ತದೆ. ಒಳಗೆ ಸುತ್ತಲೂ ಟ್ಯೂಬ್‌ಲೈಟುಗಳು. ಅವುಗಳಿಂದ ಬರುವುದು ಅಲ್ಟ್ರಾವಯಲೆಟ್ ಬಿ ಕಿರಣದ ಒಂದು ಸಣ್ಣ ಪಟ್ಟಿ, ಸುಮಾರು 311 ನ್ಯಾನೋಮೀಟರ್. ಅದಕ್ಕೆ ನ್ಯಾರೋಬ್ಯಾಂಡ್ ಅನ್ನುತ್ತಾರೆ. ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬೇಕು. ಮೊದಲ ದಿನ ಕೆಲವೇ ಸೆಕೆಂಡ್. ಚರ್ಮ ತಡೆದುಕೊಂಡ ಹಾಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ. ಆ ಕಿರಣ ಚರ್ಮದ ಮೇಲ್ಪದರ ದಾಟಿ ಜಾಸ್ತಿ ಆಳಕ್ಕೆ ಹೋಗುವುದಿಲ್ಲ. ಕೆಟ್ಟ ಟಿ ಕೋಶಗಳು ಕೂತಿರುವುದೂ ಅಲ್ಲೇ. ಕಿರಣ ತಗುಲಿ ಅವು ಸಾಯುತ್ತವೆ. ರೋಗ ಇರುವಷ್ಟೇ ಆಳಕ್ಕೆ ಹೋಗುವ ಮದ್ದು ಇದು. ಕೂದಲು ಉದುರುವುದಿಲ್ಲ, ವಾಂತಿ ಇಲ್ಲ, ರಕ್ತಕಣ ಬೀಳುವುದಿಲ್ಲ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ತಮ್ಮ ವಾದ ನಿಲ್ಲಿಸಿದ. ಮೈಯೆಲ್ಲ ಸುತ್ತುವ ಕೀಮೋ ಚರ್ಮದ ಒಂದು ಮಿಲಿಮೀಟರಿನ ಕೆಲಸಕ್ಕೆ ಯಾಕೆ ಬೇಕು, ಅಲ್ವಾ? ಇದರಲ್ಲಿ ಇನ್ನೊಂದು ಸಮಾಧಾನ ಇದೆ. ತೊನ್ನಿಗೆ, ಸೋರಿಯಾಸಿಸ್‌ಗೆ ಬಳಸುವುದೂ ಇದೇ ಪೆಟ್ಟಿಗೆ. ಹಾಗಾಗಿ ಕ್ಯಾನ್ಸರ್ ಆಸ್ಪತ್ರೆ ಇಲ್ಲದ ಊರುಗಳಲ್ಲೂ ಚರ್ಮದ ಡಾಕ್ಟರ ಹತ್ತಿರ ಸಿಗುತ್ತದೆ.

ಬೆಳಕಿನ ಚಿಕಿತ್ಸೆಯ ಬೇರು ನಮ್ಮ ನೆಲದಲ್ಲೂ ಇದೆ. ಬಾಕುಚಿ ಬೀಜವನ್ನು ತೊನ್ನಿಗೆ ಹಚ್ಚಿ ಬಿಸಿಲಿಗೆ ಮೈ ಒಡ್ಡುವುದು ಆಯುರ್ವೇದದಲ್ಲಿ ಹಳೆಯ ಪದ್ಧತಿ. ಈಜಿಪ್ಟಿನಲ್ಲಿ ನೈಲ್ ದಂಡೆಯ ಇನ್ನೊಂದು ಗಿಡದಿಂದ ಇದನ್ನೇ ಮಾಡುತ್ತಿದ್ದರು. ಎರಡರಲ್ಲೂ ಇರುವುದು ಸೊರಾಲೆನ್ ಅನ್ನುವ ವಸ್ತು. ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತದೆ. 1974ರಲ್ಲಿ ಅಮೆರಿಕದ ವೈದ್ಯರು ಸೊರಾಲೆನ್ ಮಾತ್ರೆ ಕೊಟ್ಟು ಅಲ್ಟ್ರಾವಯಲೆಟ್ ಎ ಬೆಳಕು ಹಾಯಿಸುವ ಪೂವಾ ಚಿಕಿತ್ಸೆಯನ್ನು ಸೋರಿಯಾಸಿಸ್‌ಗೆ ಬಳಸಿದರು. 1976ಕ್ಕೆ ಅದು ಈ ಲಿಂಫೋಮಾಗೂ ಬಂತು. ಕಲೆ ದಪ್ಪ ಇದ್ದವರಿಗೆ ಇವತ್ತಿಗೂ ಪೂವಾ ಕೊಡುತ್ತಾರೆ, ಅದು ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಹಾಗಂತ ಯಾರೂ ಮನೆಯಲ್ಲಿ ಬಾಕುಚಿ ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ನಿಲ್ಲಬೇಡಿ. ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಹಚ್ಚುವ ಔಷಧಿಗಳಲ್ಲಿ ಒಂದರ ಹುಟ್ಟು ಯುದ್ಧದಲ್ಲಿ. ಮಸ್ಟರ್ಡ್ ಗ್ಯಾಸ್ ಅನ್ನುವ ವಿಷಾನಿಲ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ ಅಂತ ಗೊತ್ತಿತ್ತು. ಅದರ ಸೋದರ ವಸ್ತುವನ್ನು 1942ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಲಿಂಫೋಮಾ ರೋಗಿಯೊಬ್ಬರಿಗೆ ಕೊಟ್ಟು ನೋಡಿದರು. ಕೀಮೋಥೆರಪಿಯ ಶುರು ಅದು. ಅದೇ ವಸ್ತುವನ್ನು ಚರ್ಮಕ್ಕೆ ಹಚ್ಚುವ ಜೆಲ್ ಆಗಿ ಅಮೆರಿಕ 2013ರಲ್ಲಿ ಒಪ್ಪಿತು. ಚಿಕ್ಕಮ್ಮನಿಗೆ ಅದು ಬೇಕಾಗಲಿಲ್ಲ. ಡಾಕ್ಟರು ಹೇಳಿದ ಅಳತೆಯ ಸ್ಟೀರಾಯ್ಡ್ ಮುಲಾಮು, ಜೊತೆಗೆ ಬೆಳಕು ಸಾಕಾಯಿತು. ಹೌದು, ಅದೇ ಸ್ಟೀರಾಯ್ಡ್. ಯಾವ ಜಾಗಕ್ಕೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಅಂತ ನೋಡುವ ಕಣ್ಣು ಒಂದಿದ್ದರೆ ಅದು ಮದ್ದು.

ಕಷ್ಟ ಇದ್ದದ್ದು ಬೇರೆ ಕಡೆ. ವಾರಕ್ಕೆ ಮೂರು ದಿನ ಬಸ್ಸು, ತಿಂಗಳುಗಟ್ಟಲೆ. ಚಿಕ್ಕಪ್ಪ ತೋಟದ ಕೆಲಸ ಬಿಟ್ಟು ಜೊತೆಗೆ ಹೋಗುತ್ತಿದ್ದರು. "ಎಲ್ಲಿಗೆ ಹೊರಟ್ರಿ?" ಅಂತ ದಾರಿಯಲ್ಲಿ ಕೇಳುವವರಿಗೆ ಏನು ಹೇಳುವುದು? ಮನೆಯಲ್ಲಿ ಮೊದಮೊದಲು ಚಿಕ್ಕಮ್ಮ ತಾವೇ ತಮ್ಮ ಬಟ್ಟೆ, ಹಾಸಿಗೆ ಬೇರೆ ಮಾಡಿಕೊಂಡಿದ್ದರು. ಇದು ಅಂಟುರೋಗ ಅಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಜೊತೆಗೆ ಮಲಗಿದರೆ ಬರುವುದಿಲ್ಲ. ಮಕ್ಕಳಿಗೆ ವಂಶದಲ್ಲಿ ಇಳಿದು ಬರುವ ಕಾಯಿಲೆಯೂ ಅಲ್ಲ. ಡಾಕ್ಟರಮ್ಮ ಇದನ್ನು ಚಿಕ್ಕಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ ಮೇಲೆಯೇ ಹಾಸಿಗೆ ಒಂದಾಯಿತು. ಎಲ್ಲ ಡಾಕ್ಟರೂ ಹೀಗೆ ಗಂಡನನ್ನು ಕರೆದು ಹೇಳಬೇಕು.

ಕಲೆಗಳು ಹೋದವು. ಬಣ್ಣ ವಾಪಸ್ ಬಂತು. ಆದರೆ ಡಾಕ್ಟರು "ವಾಸಿಯಾಯಿತು" ಅನ್ನಲಿಲ್ಲ, "ಹತೋಟಿಗೆ ಬಂತು" ಅಂದರು. ಬೆಳಕು ನಿಲ್ಲಿಸಿದ ಮೇಲೆ ಮರಳಿ ಬರುವುದು ಈ ರೋಗದ ಸ್ವಭಾವ. ಚಿಕ್ಕಮ್ಮನಿಗೂ ಒಂದೆರಡು ಕಡೆ ಮತ್ತೆ ಬಂತು, ಮತ್ತೆ ಪೆಟ್ಟಿಗೆಗೆ ಹೋದರು, ಮತ್ತೆ ಹೋಯಿತು. ಬಿಪಿ, ಶುಗರ್ ಇರುವವರು ವರ್ಷಗಟ್ಟಲೆ ನಿಗಾ ಇಟ್ಟುಕೊಂಡು ಬದುಕುತ್ತಾರೆ, ಅದನ್ನು ಯಾರೂ ಸೋಲು ಅನ್ನುವುದಿಲ್ಲ. ಕ್ಯಾನ್ಸರ್ ವಿಷಯದಲ್ಲಿ ಮಾತ್ರ ನಮಗೆ ಪೂರ್ತಿ ಕಿತ್ತು ಹಾಕಿದರೇ ತೃಪ್ತಿ. ಆ ಆತುರಕ್ಕೆ 103 ಜನರ ಆ ಅಧ್ಯಯನ ಉತ್ತರ ಕೊಟ್ಟು ಮೂವತ್ತು ವರ್ಷದ ಮೇಲಾಯಿತು.

ಸೋರಿಯಾಸಿಸ್, ಇಸುಬು ಅಂತ ಚಿಕಿತ್ಸೆ ಪಡೆಯುತ್ತಿರುವವರಿಗೆ ಒಂದು ಮಾತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ, ಇಂಜೆಕ್ಷನ್‌ಗಳಿಂದ ಅಡಗಿದ್ದ ಲಿಂಫೋಮಾ ಜೋರಾಗಿ ಕಾಣಿಸಿಕೊಂಡ ಉದಾಹರಣೆಗಳಿವೆ. ಸೈಕ್ಲೋಸ್ಪೋರಿನ್ ಅಂಥದ್ದೊಂದು. ಇಸುಬಿಗೆ ಕೊಡುವ ಡುಪಿಲುಮಾಬ್ ಇಂಜೆಕ್ಷನ್ ಶುರು ಮಾಡಿದ ಮೇಲೆ ಹೀಗಾದ ವರದಿಗಳೂ ಬಂದಿವೆ. ದೊಡ್ಡವರಾದ ಮೇಲೆ ಮೊದಲ ಸಲ ಬಂದ ಇಸುಬು, ಯಾವ ಔಷಧಿಗೂ ಬಗ್ಗದ ಸೋರಿಯಾಸಿಸ್ ಇದ್ದರೆ, ಅಂಥ ಔಷಧಿಗೆ ಮೊದಲು ಒಂದು ಬಯಾಪ್ಸಿ ಬೇಕಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಚರ್ಮದ ಲಿಂಫೋಮಾಗಳೆಲ್ಲ ಒಂದೇ ಥರ ಇರುವುದಿಲ್ಲ. ಲಿಂಫೊಮಟಾಯ್ಡ್ ಪ್ಯಾಪುಲೋಸಿಸ್ ಅನ್ನುವುದು ಗುಳ್ಳೆಗಳಾಗಿ ಎದ್ದು ತಾನೇ ಒಣಗಿ ಹೋಗುತ್ತದೆ, ಮತ್ತೆ ಬರುತ್ತದೆ. ಬಿ ಕೋಶ ಅನ್ನುವ ಇನ್ನೊಂದು ಥರದ ಲಿಂಫೋಸೈಟಿನಿಂದ ಬರುವ ಬಗೆಗಳಲ್ಲಿ ಎರಡು ತುಂಬಾ ಸೌಮ್ಯ. ಒಂದೇ ಗಂಟಿದ್ದರೆ ಆ ಜಾಗಕ್ಕೆ ಮಾತ್ರ ಸ್ವಲ್ಪ ರೇಡಿಯೇಷನ್ ಕೊಟ್ಟರೆ ಸಾಕು. ಮೂರನೆಯದು ಹೆಚ್ಚಾಗಿ ವಯಸ್ಸಾದವರ ಕಾಲಿನಲ್ಲಿ ಬೇಗ ಬೆಳೆಯುವ ಗಡ್ಡೆಯಾಗಿ ಬರುತ್ತದೆ. ಅದಕ್ಕೆ ಕೀಮೋ ತಡಮಾಡದೆ ಬೇಕು. ಆದ್ದರಿಂದ ರಿಪೋರ್ಟಿನಲ್ಲಿ ಪೂರ್ತಿ ಹೆಸರು ಏನಿದೆ ಅಂತ ಕೇಳಿ ತಿಳಿದುಕೊಳ್ಳಬೇಕು. ಬರೀ "ಚರ್ಮದ ಲಿಂಫೋಮಾ" ಅಂದರೆ ಏನೂ ಹೇಳಿದಂತಾಗಲಿಲ್ಲ.

ಈಚೆಗೆ ಪರಿಚಯದವರೊಬ್ಬರು ಫೋನ್ ಮಾಡಿದರು. ಅವರ ತಂದೆಗೆ ಇದೇ ಕಾಯಿಲೆ, ಮೈಯೆಲ್ಲ ಕೆಂಪಾಗಿ ಸಿಪ್ಪೆ ಏಳುತ್ತಿದೆ, ರಾತ್ರಿಯಿಡೀ ನವೆ, ಗ್ರಂಥಿ ಊದಿದೆ. "ನಿಮ್ಮ ಚಿಕ್ಕಮ್ಮನಿಗೆ ಬೆಳಕಿನಲ್ಲೇ ಹೋಯ್ತಂತಲ್ಲ, ನಾವೂ ನಿಧಾನಕ್ಕೆ ನೋಡೋಣವಾ?" ಅಂದರು. ಬೇಡ, ನಾಳೆಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ನಿಧಾನ ಅನ್ನುವುದು ಮೊದಲ ಹಂತಕ್ಕೆ ಮಾತ್ರ. ಮೈಪೂರ್ತಿ ಕೆಂಪಾಗಿ ರಕ್ತದಲ್ಲೂ ಕೆಟ್ಟ ಕೋಶಗಳಿದ್ದರೆ ಅದು ಸೆಜರಿ ಸಿಂಡ್ರೋಮ್ ಇರಬಹುದು. ಫ್ರೆಂಚ್ ವೈದ್ಯ ಸೆಜರಿ 1938ರಲ್ಲಿ ಇಂಥ ರೋಗಿಯ ರಕ್ತದಲ್ಲಿ ಮಡಿಕೆ ಮಡಿಕೆಯಾದ ಕೋಶಕೇಂದ್ರವಿದ್ದ ದೊಡ್ಡ ಕೋಶಗಳನ್ನು ಕಂಡಿದ್ದರು. ಅದರ ಚಿಕಿತ್ಸೆಯೇ ಬೇರೆ. ರಕ್ತವನ್ನು ಹೊರಗೆ ತೆಗೆದು, ಬಿಳಿ ಕಣಗಳಿಗೆ ಸೊರಾಲೆನ್ ಮತ್ತು ಬೆಳಕು ಕೊಟ್ಟು ಮತ್ತೆ ಒಳಗೆ ಸೇರಿಸುವ ವಿಧಾನವನ್ನು ಯೇಲ್‌ನ ಎಡೆಲ್ಸನ್ 1987ರಲ್ಲಿ ಪ್ರಕಟಿಸಿದರು. ಚರ್ಮದ ವಿಳಾಸ ಹೊತ್ತ ಆ ಪ್ರೋಟೀನುಗಳಲ್ಲಿ ಒಂದನ್ನೇ ಹಿಡಿದು ಕೋಶವನ್ನು ಕೊಲ್ಲುವ ಮೊಗಾಮುಲಿಜುಮಾಬ್ 2018ರಲ್ಲಿ ಅಮೆರಿಕದಲ್ಲಿ ಬಂತು. ಗಡ್ಡೆಗಳಿದ್ದವರಿಗೆ, ಆರು ಭಂಗಿಯಲ್ಲಿ ನಿಲ್ಲಿಸಿ ಇಡೀ ಚರ್ಮಕ್ಕೆ ಎಲೆಕ್ಟ್ರಾನ್ ರೇಡಿಯೇಷನ್ ಕೊಡುವ ಸೌಲಭ್ಯ ನಮ್ಮ ದೇಶದಲ್ಲೂ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಹೊಸ ಇಂಜೆಕ್ಷನ್‌ಗಳ ಬೆಲೆ ನಮ್ಮಂಥವರ ಕೈಗೆ ಎಟುಕುವುದು ಕಷ್ಟ. ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್, ಅಸಿಟ್ರೆಟಿನ್ ಮಾತ್ರೆ, ಇಂಟರ್‌ಫೆರಾನ್ ಇಂಜೆಕ್ಷನ್‌ಗಳಿಂದಲೂ ಎಷ್ಟೋ ಜನರನ್ನು ಸಂಭಾಳಿಸುತ್ತಾರೆ. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಅಂತ ಬರೆದಿದ್ದರೆ ವಾರಕ್ಕೊಮ್ಮೆಯೇ. ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಅವರಿಗೆ ಇನ್ನೊಂದು ಮಾತನ್ನೂ ಎರಡೆರಡು ಸಲ ಹೇಳಿದೆ. ಮುಂದುವರಿದ ಹಂತದಲ್ಲಿ ಎಷ್ಟೋ ಜನರ ಪ್ರಾಣ ತೆಗೆಯುವುದು ಸೋಂಕು. ಬಿರಿದ ಚರ್ಮದ ಮೂಲಕ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ತಂದೆಯವರಿಗೆ ಜ್ವರ, ಚಳಿ ಬಂದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಯಾವ ಹೊತ್ತಾದರೂ ಆಗಲೇ ಆಸ್ಪತ್ರೆಗೆ ಹೊರಡಿ. ಹೋಗುವಾಗ ಬಯಾಪ್ಸಿ ರಿಪೋರ್ಟಿನ ಜೊತೆ ಗಾಜಿನ ಸ್ಲೈಡುಗಳನ್ನೂ ಚರ್ಮದ ಚೂರು ಇಟ್ಟ ಮೇಣದ ಬ್ಲಾಕುಗಳನ್ನೂ ಲ್ಯಾಬಿನಿಂದ ಕೇಳಿ ತಗೊಂಡು ಹೋಗಿ. ಹೊಸ ಜಾಗದಲ್ಲಿ ಅದನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.